ಬಿರುಕಿನ ಮೇಲಿನ ಗಾಜು

ಹನುಮಂತರಾಜು ಇವತ್ತೂ ಏನನ್ನೂ ಕೊಡಲಿಲ್ಲ. ಗರಸು ಮಣ್ಣು ತೆಗೆಯುವ ಗುಂಡಿಯ ಬಾಯಲ್ಲಿ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವಾಗ ಸಿಂಧು ಮೊದಲು ನೋಡಿದ್ದು ಅವನ ಕೈಗಳನ್ನು. ಕವರಿಲ್ಲ, ಸ್ವೀಟಿನ ಡಬ್ಬಿಯಿಲ್ಲ, ಮನೆಗೆ ಇರಲಿ ಮೇಡಂ ಎಂದು ಡಿಕ್ಕಿಗೆ ತುರುಕುವ ಕಾಯಿ ಚೀಲವೂ ಇಲ್ಲ. "ಮಿಷಿನ್ ನಿಲ್ಸಿದೀನಿ ಮೇಡಂ. ನೀವು ನೋಡ್ಕಂಡು ಹೋಗೋಗಂಟ ಒಂದು ಬಕೆಟ್ಟೂ ಎತ್ತಲ್ಲ," ಎಂದು ಅವನು ಪಕ್ಕಕ್ಕೆ ಸರಿದು ನಿಂತ. ಮೊದಲ ಸಲ ಬಂದಾಗಲೂ ಹೀಗೆಯೇ. ಇಂಥ ಕೆಲಸಕ್ಕೆ ಹೋದಲ್ಲೆಲ್ಲ ಯಾರಾದರೂ ಏನಾದರೂ ಕೊಡಲು ಬರುವುದು, ತಾನು ಮುಖ ಗಂಟಿಕ್ಕಿ ಬೇಡವೆನ್ನುವುದು, ಆಮೇಲೆ ಹಗುರ ಮನಸ್ಸಿನಿಂದ ಕೆಲಸಕ್ಕೆ ತೊಡಗುವುದು ಅವಳಿಗೆ ರೂಢಿಯಾಗಿತ್ತು. ಬೇಡವೆನ್ನುವುದಕ್ಕೇ ಇವನು ಅವಕಾಶ ಕೊಡುತ್ತಿಲ್ಲ. ಕೊಡಬೇಕಾದ್ದನ್ನು ಮೇಲೆ ಇನ್ಯಾರಿಗೋ ಕೊಟ್ಟು ಮುಗಿಸಿದ್ದಾನೆಯೇ? ಅಥವಾ ಕೊಟ್ಟರೆ ಇವಳು ಸಿಡಿಯುತ್ತಾಳೆಂದು ಯಾರೋ ಹೇಳಿಕೊಟ್ಟಿದ್ದಾರೆಯೇ? ಹಾಗೆ ಹೇಳಿಕೊಡಬೇಕಾದರೆ ತನ್ನನ್ನು ಬಲ್ಲವರೇ ಆಗಿರಬೇಕು. ಕಾಲೇಜಿನ ಸ್ಟಾಫ್ ರೂಮಿನ ಮುಖಗಳನ್ನು ಒಂದೊಂದಾಗಿ ನೆನೆಯುತ್ತಾ ಅವಳು ಗುಂಡಿಯ ಪಕ್ಕದ ದಾರಿ ಹಿಡಿದು ಮೇಲಕ್ಕೆ ಹತ್ತಿದಳು.

ತಿಪಟೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಅವಳು ಮಣ್ಣಿನ ಪಾಠ ಹೇಳುತ್ತಿದ್ದಳು. ಮಣ್ಣು ಎಷ್ಟು ಭಾರ ಹೊರುತ್ತದೆ, ಯಾವಾಗ ಜಾರುತ್ತದೆ ಎಂಬುದನ್ನು ನೋಡಿ ಹೇಳಲು ಆಗಾಗ ಸರ್ಕಾರದವರೂ ಕರೆಯುತ್ತಿದ್ದರು. ಈ ಗುಂಡಿ ಹೊನ್ನವಳ್ಳಿಯಿಂದ ಆಚೆಗೆ, ತೆಂಗಿನ ತೋಟಗಳ ನಡುವಿನ ಒಂದು ದಿಬ್ಬದಲ್ಲಿ. ರಸ್ತೆ ಕೆಲಸಕ್ಕೆಂದು ಗರಸು ತೆಗೆದು ತೆಗೆದು ದಿಬ್ಬ ಅರ್ಧವಾಗಿ, ಉಳಿದರ್ಧದ ನೆತ್ತಿಯ ಮೇಲೆ ಗಂಗಾಧರಯ್ಯನ ಮನೆ ನಿಂತಿತ್ತು. ಮನೆ ಅಂದರೆ ಮುಂದೆ ಸಿಮೆಂಟಿನ ಜಗಲಿ, ನಡುವೆ ವಾಸದ ಕೋಣೆಗಳು, ಹಿಂದೆ ಗುಂಡಿಯ ಕಡೆಗೆ ಕೊಬ್ಬರಿ ಅಟ್ಟ. ವರ್ಷದ ಕಾಯಿಯೆಲ್ಲ ಅಟ್ಟದ ಮೇಲೆ ಒಣಗಲು ಬಿದ್ದಿರುತ್ತದೆ. ಅಷ್ಟೂ ಭಾರ ಗುಂಡಿಯ ಅಂಚಿನ ಮೇಲೆ. ಗೋಡೆಯಲ್ಲಿ ಬಿರುಕು ಬಂದಿದೆ, ಗುಂಡಿ ಮುಚ್ಚಿಸಿ ಎಂದು ಅರ್ಜಿ ಕೊಟ್ಟವರು ಗಂಗಾಧರಯ್ಯ ಮತ್ತು ಹೆಂಡತಿ ಹೊಂಬಾಳಮ್ಮ. ಆದರೆ ದಿಬ್ಬವನ್ನು ಹನುಮಂತರಾಜುವಿಗೆ ಮಾರಿದವರೂ ಅವರೇ. ಮಾರುವಾಗ ಇಲ್ಲದ ಭಯ ಈಗ ಎಲ್ಲಿಂದ ಬಂತು? ಗುಂಡಿಯ ಅಂಚಿಗೂ ಮನೆಗೂ ನಡುವಿನ ಅಂತರ ಮಾತ್ರ ನಿಯಮದಲ್ಲಿ ಹೇಳಿದಷ್ಟೇ ಇತ್ತು. ಒಂದು ಗೇಣು ಕಡಿಮೆಯಿಲ್ಲ, ಒಂದು ಗೇಣು ಹೆಚ್ಚಿಲ್ಲ. ಅಷ್ಟು ಸರಿಯಾಗಿರುವುದೂ ಅವಳಿಗೆ ಸರಿಕಾಣಲಿಲ್ಲ.

ಮೇಲೆ ಕೆಂಪು ಗರಸು, ಅದರ ಕೆಳಗೆ ಹಿಟ್ಟಿನಂಥ ಬಿಳಿ ಜೇಡಿಯ ಪದರ. ಕಡಿದ ಮೈಯಿಂದ ತೆಂಗಿನ ಬೇರುಗಳು ಜಡೆ ಬಿಚ್ಚಿದಂತೆ ಹೊರಗೆ ಜೋತಿದ್ದವು. ಇಳಿಜಾರಿನ ಲೆಕ್ಕವನ್ನು ಅವಳು ಆಗಲೇ ಹಾಕಿ ನೋಡಿದ್ದಳು. ಒಣಗಿದ್ದರೆ ನಿಲ್ಲುತ್ತದೆ. ಗೋಡೆಯ ಬಿರುಕು ನೆಲದೊಳಗೂ ಇಳಿದಿದ್ದು, ಅದಕ್ಕೆ ಮಳೆಯ ನೀರು ಹೊಕ್ಕರೆ ನಿಲ್ಲುವುದಿಲ್ಲ. ಹಾಗಾಗಿ ಇಡೀ ಪ್ರಶ್ನೆ ಆ ಬಿರುಕಿನದಾಗಿತ್ತು. ಅದು ಎಂದೋ ಬಿಟ್ಟು ಸುಮ್ಮನಾದ ಹಳೆಯ ಬಿರುಕೋ, ಈಗಲೂ ಅಗಲವಾಗುತ್ತಿರುವ ಬಿರುಕೋ? ತಿಳಿಯಲೆಂದು ಅವಳು ಹಿಂದಿನ ಸಲ ಎರಡು ಗಾಜಿನ ಪಟ್ಟಿಗಳನ್ನು ಅಂಟಿಸಿ ಹೋಗಿದ್ದಳು, ಜಗಲಿಯ ಬಿರುಕಿಗೆ ಅಡ್ಡಲಾಗಿ ಒಂದು, ಅಟ್ಟದ ಗೋಡೆಯ ಬಿರುಕಿಗೆ ಅಡ್ಡಲಾಗಿ ಇನ್ನೊಂದು. ತೆಳ್ಳನೆಯ ಗಾಜು, ಎರಡು ತುದಿಗೂ ಅಂಟು. ನೆಲ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. "ಇದು ಒಡೆದರೆ ನೆಲ ಸರೀತಿದೆ ಅಂತ. ಒಡೀದಿದ್ರೆ ಇಲ್ಲ ಅಂತ," ಎಂದು ಹೊಂಬಾಳಮ್ಮನಿಗೆ ಬಿಡಿಸಿ ಹೇಳಿದ್ದಳು. ಹೇಳಬಾರದಿತ್ತೇನೋ ಎಂದು ವಾಪಸು ಹೋಗುವಾಗ ದಾರಿಯುದ್ದಕ್ಕೂ ಅನ್ನಿಸಿತ್ತು.

ಜಗಲಿಯ ಗಾಜು ಒಡೆದಿತ್ತು. ಸಿಂಧು ಮಂಡಿಯೂರಿ ಕೂತಳು. ನೆಲ ಎಳೆದ ಗಾಜು ಬಿರುಕಿನ ಗುಂಟ ಒಂದೇ ಗೆರೆಯಾಗಿ ಸೀಳುತ್ತದೆ. ಇದು ನಡುವಿನ ಒಂದು ಬಿಂದುವಿನಿಂದ ಜೇಡರ ಬಲೆಯಂತೆ ಸುತ್ತಲೂ ಒಡೆದಿತ್ತು. ಏಟಿನ ಗುರುತು. ಅವಳ ಎದೆಯಲ್ಲಿ ಏನೋ ತಣ್ಣಗೆ, ಹಿತವಾಗಿ ಇಳಿಯಿತು. ಹಿಂದೊಮ್ಮೆ ತುರುವೇಕೆರೆಯ ಮೀಟಿಂಗೊಂದರಲ್ಲಿ ಕೂತಿದ್ದಾಗ ಫ್ಯಾನಿನ ಗಾಳಿಗೆ ಎದುರಿನ ಹಾಳೆಗಳು ಏಳುತ್ತಿದ್ದವು, ಕಾಲುವೆ ಪಕ್ಕದ ಗೋಡೆ ಬಿರಿದಿದೆ ಎಂದು ಅವಳು ಬರೆದದ್ದನ್ನು ಓದಿದ ದೊಡ್ಡ ಸಾಹೇಬರು, ಅದು ಯಾರೋ ಬೇಕೆಂದೇ ಕೊರೆದ ಬಿರುಕೆಂದು ತೋರಿಸುವ ಉಳಿಯ ಹೊಸ ಗುರುತುಗಳ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಮೇಡಮ್ನೋರು ಮಣ್ಣನ್ನ ಚೆನ್ನಾಗಿ ಓದ್ತಾರೆ. ಮನುಷ್ಯರನ್ನೂ ಸ್ವಲ್ಪ ಓದಿದ್ರೆ ಒಳ್ಳೇದಿತ್ತು," ಎಂದಿದ್ದರು. ಟೀ ತಂದವನೂ ನಕ್ಕಿದ್ದ. ಆ ನಗು ಇಷ್ಟು ವರ್ಷ ಎಲ್ಲಿತ್ತೋ, ಈಗ ಜಗಲಿಯ ಮೇಲೆ ಮಂಡಿಯೂರಿ ಕೂತ ಅವಳ ಬೆನ್ನ ಹಿಂದೆಯೇ ಕೇಳಿಸಿದಂತಾಗಿ ತಿರುಗಿದಳು. ಹೊಂಬಾಳಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಐವತ್ತರ ಹೆಂಗಸು, ಹಣೆಯ ಮೇಲೆ ವಿಭೂತಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ನೋಡುದ್ರಾ? ಒಡ್ದೋಯ್ತು ಕಣವ್ವ. ಭೂಮಿ ಎಳ್ದುಬುಡ್ತು."

"ಯಾವಾಗ?"

"ಮೊನ್ನೆ ಕಣ್ರೀ. ನಾನು ಕಸ ಗುಡುಸ್ತಿದ್ದೆ, ಚಟ್ ಅಂತು."

"ನೀವು ನೋಡ್ತಿದ್ದಾಗಲೇ?"

"ಹೂಂ, ಕಣ್ಣಾರೆ."

"ಹಾಗಾದ್ರೆ ಈ ಚೂರೆಲ್ಲ ಒಳಗೆ ಕುಸಿದಿರೋದು ಯಾಕೆ? ಎಳೆದ್ರೆ ಗಾಜು ಬೇರೆಯಾಗುತ್ತೆ, ಜಜ್ಜಿ ಹೋಗಲ್ಲ." ತನ್ನ ಧ್ವನಿ ಪರೀಕ್ಷೆಯ ಕೊಠಡಿಯಲ್ಲಿ ನಕಲು ಹಿಡಿದವಳ ಧ್ವನಿಯಾಗಿರುವುದು ಸಿಂಧುವಿಗೇ ಕೇಳಿಸಿತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಯಾವುದರಲ್ಲಿ ಹೊಡೆದ್ರಿ? ಕಲ್ಲಿನಲ್ಲೋ, ಮಚ್ಚಿನ ಹಿಡಿಯಲ್ಲೋ?"

ಅಟ್ಟದ ಮೇಲೆ ಕಾಯಿ ತಿರುವಿ ಹಾಕುತ್ತಿದ್ದ ಸದ್ದು ನಿಂತಿತು. ಗಂಗಾಧರಯ್ಯ ಏಣಿ ಇಳಿದು ಬಂದು, ಮೈಗೆ ಅಂಟಿದ ದೂಳನ್ನೂ ಕೊಡವಿಕೊಳ್ಳದೆ ಹೆಂಡತಿಯನ್ನು ನೋಡಿದ. "ನೀನೇ ಒಡ್ದಾ?" ಎಂದು ಮೆಲ್ಲಗೆ ಕೇಳಿದ. ಹೊಂಬಾಳಮ್ಮ ಗಂಡನ ಕಡೆ ನೋಡಲಿಲ್ಲ, ಸಿಂಧುವನ್ನೇ ನೋಡಿದಳು.

"ಹೂಂ, ನಾನೇ ಒಡ್ದೆ. ಗುಂಡ್ಕಲ್ಲಾಗೆ ಒಡ್ದೆ. ನೀವೇ ಅಂದ್ರಲ್ಲ, ಇದು ಒಡುದ್ರೆ ನಂಬ್ತೀನಿ ಅಂತ. ನಾನು ಬಾಯಲ್ಲಿ ಹೇಳಿದ್ದನ್ನ ನಂಬುದ್ರಾ? ನೆಲ ಇಳಿದಂಗೆ ಆಯ್ತದೆ ಅಂದೆ, ಬಾಗ್ಲು ಹಾಕಕ್ಕೆ ಬರಲ್ಲ ಅಂದೆ, ಅದನ್ನೆಲ್ಲ ಬರ್ಕಂಡ್ರಾ? ಗಾಜು ಮಾತಾಡುದ್ರೆ ಮಾತ್ರ ನಿಮ್ಗೆ ಕೇಳ್ಸೋದು. ಅದಕ್ಕೇ ಮಾತಾಡುಸ್ದೆ."

"ಥೂ, ಮಾನ ಕಳ್ದೆ ಕಣೇ," ಎಂದ ಗಂಗಾಧರಯ್ಯ. ಅವನು ಮತ್ತೆ ಏಣಿ ಹತ್ತಿದ.

ಎರಡನೆಯ ಗಾಜನ್ನು ನೋಡಲು ಸಿಂಧು ಅಟ್ಟದ ಗೋಡೆಯ ಬಳಿಗೆ ಹೋದದ್ದು ಈಗ ಬರಿಯ ಶಾಸ್ತ್ರಕ್ಕೆ. ಆ ಗಾಜು ಇಡಿಯಾಗಿತ್ತು. ಆದರೆ ಅದರ ಒಂದು ತುದಿಯ ಅಂಟು ಗೋಡೆಯನ್ನು ಬಿಟ್ಟಿತ್ತು. ಅಂಟಿನ ಅಚ್ಚು ಗೋಡೆಯ ಮೇಲೆ ಹಾಗೆಯೇ ಇತ್ತು. ಅಂಟು ಮಾತ್ರ ಅದರ ಪಕ್ಕಕ್ಕೆ, ಉಗುರಿನ ದಪ್ಪದಷ್ಟು, ನೇರವಾಗಿ ಸರಿದಿತ್ತು. ಸಿಂಧು ಅದನ್ನು ನೋಡಿದಳು. ಚಾಕುವಿನ ತುದಿ ಹಾಕಿ ಮೀಟಿದ್ದಾರೆ, ಇಲ್ಲಿ ಒಡೆಯುವ ಧೈರ್ಯ ಸಾಲಲಿಲ್ಲ ಎಂದುಕೊಂಡಳು. ಅಟ್ಟದ ಬಾಗಿಲ ಕೆಳಗಂಚನ್ನು ಹೊಸದಾಗಿ ಹೆರೆದಿದ್ದರು. ಬಿಳಿಯ ಮರ ಕಾಣುತ್ತಿತ್ತು. ಇದೂ ತನಗೆ ತೋರಿಸಲೆಂದೇ ಹೆರೆದದ್ದು. ಸಿಕ್ಕಿಬಿದ್ದ ಮನೆಯಲ್ಲಿ ಪ್ರತಿಯೊಂದು ವಸ್ತುವೂ ಕಳ್ಳನಂತೆ ಕಾಣುತ್ತದೆ. ಹೊಸ ಗಾಜು ಅಂಟಿಸಲು ಚೀಲದಲ್ಲಿ ಪಟ್ಟಿಗಳಿದ್ದವು, ತೆಗೆಯಲಿಲ್ಲ. ಇಳಿದು ಬರುವಾಗ ಹನುಮಂತರಾಜು ಏನೂ ಕೇಳಲಿಲ್ಲ. ಕೈ ಮುಗಿದ, ಅಷ್ಟೇ.

ಅವಳ ವರದಿ ಚಿಕ್ಕದಾಗಿತ್ತು. ಗಾಜನ್ನು ಮನೆಯವರೇ ಒಡೆದಿದ್ದಾರೆ, ನೆಲ ಸರಿಯುತ್ತಿದೆ ಎನ್ನಲು ನಂಬಬಹುದಾದ ಪುರಾವೆಯಿಲ್ಲ, ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ನೋಡಬಹುದು. ಊಟದ ಮೇಜಿನ ಮೇಲೆ ಟೈಪು ಮಾಡುತ್ತಿದ್ದಾಗ ಗಂಡ ಪರಮೇಶ್ ಬಂದು, ಕೇಳದೆಯೇ ಅವಳ ತಟ್ಟೆಯನ್ನೂ ತೊಳೆದಿಟ್ಟ. ಈಚೆಗೆ ಅವನು ಇಂಥವನ್ನೆಲ್ಲ ಮಾಡುತ್ತಿದ್ದ. ಯಾಕೆ? ಹಿಂದೊಮ್ಮೆ ಅವಳು ಅವನ ಬೀರುವಿನ ಡ್ರಾಯರಿಗೆ ಅಡ್ಡಲಾಗಿ ಒಂದು ನೂಲೆಳೆ ಅಂಟಿಸಿದ್ದಳು, ಯಾವಾಗ ತೆಗೆಯುತ್ತಾನೆ ತಿಳಿಯಲೆಂದು. ನೂಲು ದಿನದಿನವೂ ಹಾಗೆಯೇ ಇತ್ತು. ಗೊತ್ತಾಗಿ ಮತ್ತೆ ಅಂಟಿಸುತ್ತಿದ್ದಾನೆಯೇ ಎಂದು ಅನುಮಾನ ಬಂದು, ಕೊನೆಗೆ ತಾನೇ ಎಳೆದು ನೋಡಿದರೆ ಒಳಗೆ ಅವನ ತಂದೆಯ ಹಳೆಯ ಕನ್ನಡಕಗಳಿದ್ದವು. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಕೇಳಿದ್ರೆ ತೋರಿಸ್ತಿದ್ದೆ," ಎಂದಿದ್ದನೇ ಹೊರತು ಬೈದಿರಲಿಲ್ಲ. ಬೈದಿದ್ದರೆ ಅಂದೇ ಮುಗಿದುಹೋಗುತ್ತಿತ್ತು. ಈಗ ತಟ್ಟೆ ತೊಳೆದ ಕೈ ಒರೆಸಿಕೊಳ್ಳುತ್ತಾ, "ಏನಾಯ್ತು ಆ ಮನೆ?" ಎಂದ. "ಸುಳ್ಳು ಹೇಳ್ತಿದ್ರು. ಹಿಡಿದೆ," ಎಂದಳು. ಅವನು, "ಸುಳ್ಳು ಹೇಳೋರ ಮನೆ ಬೀಳೋದಿಲ್ವಾ?" ಎಂದು ಕೇಳಿ ಒಳಗೆ ಹೋದ. ಅದು ತನಗೆ ಚುಚ್ಚಲೆಂದೇ ಆಡಿದ ಮಾತೆಂದು ಅವಳಿಗೆ ಖಾತ್ರಿಯಿತ್ತು. ಹಾಗಾಗಿ ಆ ಮಾತಿನಲ್ಲಿ ನಿಜವಿದೆಯೇ ಎಂದು ಯೋಚಿಸಲಿಲ್ಲ.

ಮಳೆ ಹಿಡಿದುಕೊಂಡಿತು. ಎರಡು ದಿನ ಬಿಡದೆ ಸುರಿದು ಶುಕ್ರವಾರ ಬೆಳಗ್ಗೆ ಬಿಸಿಲು ಬಂತು. ಅವಳು ಕ್ಲಾಸಿನಲ್ಲಿದ್ದಳು. ಬೋರ್ಡಿನ ಮೇಲೆ ಇಳಿಜಾರು ಬರೆದು, ಅದು ಜಾರುವ ಕಮಾನು ಗೆರೆಯನ್ನು ಎಳೆಯುತ್ತಿದ್ದಾಗ ಫೋನು ಮೂರನೇ ಸಲ ನಡುಗಿತು. ಹನುಮಂತರಾಜು. ಕೊನೆಗೂ ಬಂದ, ಈಗ ಕೊಡುತ್ತಾನೆ ಎಂಬುದೇ ಅವಳಿಗೆ ಮೊದಲು ಹೊಳೆದದ್ದು. ಕಾರಿಡಾರಿಗೆ ಬಂದು ಕಿವಿಗಿಟ್ಟುಕೊಂಡಳು.

"ಮೇಡಂ... ಜಾರ್ತು ಮೇಡಂ. ಅಟ್ಟದ ಕಡೆ ಪೂರ್ತಿ ಹೋಯ್ತು. ಗಂಗಾಧರಣ್ಣ ಮೇಲಿದ್ರು, ಕಾಯಿ ಜೊತೆ ಕೆಳಕ್ಕೆ ಬಂದ್ರು. ಮಿಷಿನ್ ಹಾಕಿದ್ರೆ ತಗಲ್ತದೆ ಅಂತ ಕೈಯಲ್ಲೇ ಬಗ್ದು ತೆಗ್ದ್ವಿ. ಜೀವ ಐತೆ. ಸೊಂಟ..." ಅವನು ಅಳುತ್ತಿದ್ದ. ಗಟ್ಟಿಯಾಗಿ, ಮೂಗು ಎಳೆಯುತ್ತಾ, ನಾಚಿಕೆಯಿಲ್ಲದೆ. ಇದು ನಟನೆಯೇ ಎಂದು ಅವಳ ಮನಸ್ಸು ಅಭ್ಯಾಸಬಲದಿಂದ ಕೇಳಿತು. ಸೀಮೆಸುಣ್ಣದ ಪುಡಿ ಮೆತ್ತಿದ ತನ್ನ ಬೆರಳುಗಳನ್ನು ನೋಡುತ್ತಾ ನಿಂತಾಗ, ಆ ಗೋಡೆಯ ಮೇಲಿನ ಅಂಟಿನ ಅಚ್ಚು ಕಣ್ಣೆದುರಿಗೆ ಬಂತು. ಚಾಕು ಹಾಕಿ ಮೀಟಿದ್ದರೆ ಅಂಟು ಚೂರುಚೂರಾಗಿ ಏಳಬೇಕಿತ್ತು, ಅಚ್ಚು ಕೆಡಬೇಕಿತ್ತು. ಅಷ್ಟು ನೇರವಾಗಿ, ಅಷ್ಟು ಸಮನಾಗಿ ಸರಿಸುವ ಕೈ ಮನುಷ್ಯನದ್ದಲ್ಲ. ಗೋಡೆಯೇ ಸರಿದಿತ್ತು. ಗಾಜು ಒಡೆಯುವ ಮೊದಲು ಅಂಟು ಸೋತಿತ್ತು, ಅಷ್ಟೇ. ಮೊದಲ ವರ್ಷದ ಹುಡುಗರಿಗೂ ಹೇಳಿಕೊಡುವ ವಿಷಯ. ಅವಳು ಅದನ್ನು ನೋಡಿಯೂ ನೋಡಿರಲಿಲ್ಲ, ಯಾಕೆಂದರೆ ಆ ಗಳಿಗೆಯಲ್ಲಿ ಅವಳು ಗೆದ್ದಿದ್ದಳು.

ಗಂಗಾಧರಯ್ಯ ಬದುಕಿದ. ಆದರೆ ಊರು ತೀರ್ಮಾನ ಹೇಳಿ ಮುಗಿಸಿತ್ತು. ಹೊಂಬಾಳಮ್ಮ ಗಾಜು ಒಡೆದು ಸುಳ್ಳು ಹೇಳಿದಳು, ಇಲ್ಲದಿದ್ದರೆ ಮೇಡಂ ನಂಬುತ್ತಿದ್ದರು, ಗುಂಡಿ ಮುಚ್ಚುತ್ತಿತ್ತು, ಗಂಡನ ಸೊಂಟ ಉಳಿಯುತ್ತಿತ್ತು. ಹೊಂಬಾಳಮ್ಮನೂ ಹಾಗೆಯೇ ಹೇಳಿಕೊಂಡು ಎದೆ ಬಡಿದುಕೊಂಡಳಂತೆ. ಇದನ್ನು ತಾಲ್ಲೂಕು ಕಚೇರಿಯ ಅಧಿಕಾರಿ ಒಂದು ಬಗೆಯ ಸಂತೋಷದಲ್ಲೇ ಸಿಂಧುವಿಗೆ ಹೇಳಿದರು. "ನೀವು ಬರೆದಿದ್ದು ಒಳ್ಳೇದಾಯ್ತು. ಅವರೇ ಒಡೆದಿದ್ದು ಅಂತ ಇದೆಯಲ್ಲ, ನಿಮಗೇನೂ ತೊಂದರೆಯಿಲ್ಲ." ಸಿಂಧು ಎರಡನೆಯ ಗಾಜಿನ ವಿಷಯ ಹೇಳಿದಳು. ತಾನು ನೋಡಿದ್ದು, ತಪ್ಪು ತಿಳಿದದ್ದು, ನೆಲ ಸರಿಯುತ್ತಿದ್ದದ್ದು ಆಗಲೇ ಅಲ್ಲಿ ಕಾಣುತ್ತಿದ್ದದ್ದು, ಉಳಿದ ಮನೆಯೂ ನಿಲ್ಲುವುದಿಲ್ಲವೆಂಬುದು. ಅಧಿಕಾರಿ ಪೆನ್ನು ಕೆಳಗಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಮೇಡಂ, ಯಾರು ಬಂದಿದ್ರು ನಿಮ್ಮ ಹತ್ರ? ಗಂಗಾಧರಯ್ಯನ ಕಡೆಯೋರಾ? ಹೆದ್ರುಸಿದ್ರಾ, ಇಲ್ಲ ಬೇರೆ ಏನಾದ್ರೂನಾ?" ಅವರ ಕಣ್ಣುಗಳು ಅವಳ ಕೈಗಳ ಮೇಲೆ, ಆಮೇಲೆ ಮಡಿಲಲ್ಲಿದ್ದ ಚೀಲದ ಮೇಲೆ ಓಡಾಡಿದವು. ಅವಳು ಬರೆದು ಸಹಿ ಮಾಡಿಕೊಟ್ಟಳು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ತೆಗೆದುಕೊಂಡರು.

ಅಲ್ಲಿಂದ ನೇರ ದಿಬ್ಬಕ್ಕೆ ಹೋದಳು. ಕೆಂಪು ಕೆಸರಿನ ತುಂಬ ಕಾಯಿಗಳು ಚೆಲ್ಲಾಡಿದ್ದವು. ಮುಂಭಾಗದ ಕೋಣೆಗಳು ಇನ್ನೂ ನಿಂತಿದ್ದವು. ಹಿಂದಿನ ಗೋಡೆಯಿಲ್ಲದೆ ಅಡುಗೆಮನೆ ಬಯಲಿಗೆ ಬಾಯಿ ಬಿಟ್ಟುಕೊಂಡಿತ್ತು. ಹೊಂಬಾಳಮ್ಮ ಆಸ್ಪತ್ರೆಯಿಂದ ಬಂದವಳು ಚಾಪೆ ದಿಂಬು ಕಂಕುಳಲ್ಲಿ ಹಿಡಿದು ಬಾಗಿಲ ಕಡೆ ಹೊರಟಿದ್ದಳು. ಜನ ಕಾಯಿ ಆಯ್ದುಕೊಂಡು ಹೋಗುತ್ತಿದ್ದಾರೆ, ಕಾಯಲು ಇಲ್ಲೇ ಮಲಗುತ್ತೇನೆ ಎಂದಳು, ಸಿಂಧುವಿಗಲ್ಲ, ಗಾಳಿಗೆ ಹೇಳುವವಳಂತೆ.

"ಒಳಗೆ ಹೋಗ್ಬೇಡಿ. ಇದೂ ಬೀಳುತ್ತೆ. ನೆಲ ಸರೀತಾನೇ ಇತ್ತು ಹೊಂಬಾಳಮ್ಮ, ನೀವು ಹೇಳಿದ್ದು ನಿಜ. ಅಟ್ಟದ ಗಾಜಿನಲ್ಲಿ ಕಾಣ್ತಿತ್ತು. ನಾನು ನೋಡಿದೆ, ನೀವು ಮೀಟಿದ್ದು ಅಂದ್ಕೊಂಡೆ. ತಪ್ಪು ನನ್ನದು, ನಿಮ್ಮದಲ್ಲ."

ಹೊಂಬಾಳಮ್ಮ ನಿಂತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಿಂಧು ಆ ನೋಟವನ್ನು ಬಲ್ಲಳು. ಒಳಗಿನಿಂದ ಬಲ್ಲಳು.

"ಯಾರು ಕಳ್ಸುದ್ರು ನಿಮ್ಮನ್ನ? ಹನುಮಂತರಾಜನಾ?"

"ಯಾರೂ ಕಳ್ಸಿಲ್ಲ."

"ಹಂಗಾರೆ ನನ್ನ ಸಮಾಧಾನಕ್ಕೆ ಹೇಳ್ತಾ ಇದೀರಿ. ಇಲ್ಲ ನಾನು ಈ ಮನೆ ಖಾಲಿ ಮಾಡ್ಲಿ ಅಂತ ಹೇಳ್ತಾ ಇದೀರಿ, ಆಮೇಲೆ ಇದನ್ನೂ ಬಗ್ದು ಲಾರಿಗೆ ತುಂಬ್ಲಿ ಅಂತ. ಅವತ್ತು ಬೀಳಲ್ಲ ಅಂತ ಬರೆದ್ರಿ, ಇವತ್ತು ಬೀಳ್ತದೆ ಅಂತೀರಿ. ಯಾವ್ದನ್ನ ನಂಬಾನ?" ಎಂದವಳು, ಏನೋ ಹೊಳೆದಂತೆ ತಲೆ ಓರೆ ಮಾಡಿದಳು. "ಅಷ್ಟು ದಿಟ ಆದ್ರೆ ನನ್ನ ಜೊತೆ ಒಳಕ್ಕೆ ಬನ್ನಿ ನೋಡಾನ."

ಒಳಗೆ ಹೋದರೆ ಮನೆ ಗಟ್ಟಿಯಿದೆ ಎಂದು ತಾನೇ ತೋರಿಸಿಕೊಟ್ಟಂತೆ. ಹೋಗದಿದ್ದರೆ, ಇಷ್ಟು ದಿನ ಇವರು ಮಲಗಿದ್ದ ಕಡೆ ತಾನು ಒಂದು ಹೆಜ್ಜೆ ಇಡಲೂ ಹೆದರುವವಳು ಎಂದಂತೆ. ಯಾವ ಉತ್ತರವೂ ಉತ್ತರವಲ್ಲದಂಥ ಪ್ರಶ್ನೆಗಳನ್ನು ಸಿಂಧು ಜನರಿಗೆ ಎಷ್ಟು ಸಲ ಒಡ್ಡಿದ್ದಳೋ. ಹೊಂಬಾಳಮ್ಮ ಹೊಸ್ತಿಲಿಗೆ ಕಾಲಿಟ್ಟಳು. ಸಿಂಧು ಮಾತು ಬಿಟ್ಟು ಕೈ ಹಾಕಿ ಅವಳ ಮಣಿಕಟ್ಟು ಹಿಡಿದಳು.

"ಕೈ ಬುಡಿ."

"ಬಿಡಲ್ಲ."

"ಬುಡಿ ಅಂದ್ರೆ! ನೋಡ್ರಪ್ಪಾ, ಈವಮ್ಮ ನನ್ನ ಮನೆಗೆ ನನ್ನ ಬುಡ್ತಿಲ್ಲ!" ಕೆಳಗೆ ಕಾಯಿ ಆಯುತ್ತಿದ್ದವರು ತಲೆಯೆತ್ತಿದರು. ಬಳೆಯೊಂದು ಒಡೆದು ಇಬ್ಬರ ಕೈಗೂ ಗೀರಿತು. ಚಾಪೆ ಬಿತ್ತು. ಹೊಂಬಾಳಮ್ಮ ಬಲವಾಗಿ ಎಳೆದಳು, ಬೈದಳು, ಇನ್ನೊಂದು ಕೈಯಿಂದ ಸಿಂಧುವಿನ ಭುಜಕ್ಕೆ ಹೊಡೆದಳು. ಸಿಂಧು ಯಾವ ವಾದವನ್ನೂ ಹೂಡದೆ, ಹಲ್ಲು ಕಚ್ಚಿ ಹಿಡಿದೇ ಇದ್ದಳು. ತಾನು ಇಷ್ಟು ಗಟ್ಟಿಯಾಗಿ ಯಾರನ್ನೂ ಎಂದೂ ಹಿಡಿದುಕೊಂಡಿರಲಿಲ್ಲ ಎಂಬ ವಿಚಿತ್ರ ಯೋಚನೆ ನಡುವೆ ಸುಳಿಯಿತು. ಕೊನೆಗೆ ಹೊಂಬಾಳಮ್ಮ ಎಳೆಯುವುದನ್ನು ಬಿಟ್ಟು ಅಂಗಳದಲ್ಲಿ ಕುಸಿದು ಕೂತು, ಗಂಡ ಬಿದ್ದ ದಿನದಿಂದ ತಡೆದದ್ದೆಲ್ಲ ಒಡೆದವಳಂತೆ ಅತ್ತಳು. ಆ ಸಂಜೆ ಹೊನ್ನವಳ್ಳಿಯಲ್ಲಿದ್ದ ಅವಳ ತಂಗಿ ಹುಚ್ಚಕ್ಕ ಬಂದು ಅವಳನ್ನು ಕರೆದುಕೊಂಡು ಹೋದಳು.

ಉಳಿದ ಗೋಡೆ ಬೀಳಲಿಲ್ಲ. ಆ ಮಳೆಗಾಲವೆಲ್ಲ ನಿಂತಿತು. ಗುಂಡಿಗೆ ಬೀಗ ಬಿತ್ತು, ಗಂಗಾಧರಯ್ಯ ಕೋಲು ಹಿಡಿದು ಹುಚ್ಚಕ್ಕನ ಮನೆಯ ಪಡಸಾಲೆಯವರೆಗೆ ನಡೆಯತೊಡಗಿದ, ಗೋಡೆ ನಿಂತೇ ಇತ್ತು. ಸಿಂಧುವಿನ ಹೊಸ ಹೇಳಿಕೆಯ ಬಗ್ಗೆ ತುಟಿಯಂಚಿನಲ್ಲಿ ನಗುವ ಜನ ಹೆಚ್ಚಾದರು. ಬೀಳುತ್ತೆ ಅಂದ್ಲಂತೆ, ಬಿತ್ತೇನು? ಭಾನುವಾರಗಳಂದು, ಪರಮೇಶನಿಗೆ ಹೇಳಿಯೇ, ಅವಳು ದಿಬ್ಬಕ್ಕೆ ಹೋಗಿ ದೂರದಲ್ಲಿ ನಿಂತು ನೋಡಿ ಬರುತ್ತಿದ್ದಳು. ಅಂಥದೊಂದು ದಿನ ಹೊಂಬಾಳಮ್ಮನೂ ಅಲ್ಲಿದ್ದಳು. ಕೆಸರೊಣಗಿದ ಜಾಗದಲ್ಲಿ, ಎಲ್ಲರೂ ಆಯ್ದು ಬಿಟ್ಟ ಮೇಲೆ ಉಳಿದ ಒಡಕು ಕಾಯಿಗಳನ್ನು ಗುಡ್ಡೆ ಹಾಕುತ್ತಿದ್ದಳು. ಸಿಂಧುವನ್ನು ಕಂಡು ಮುಖ ತಿರುಗಿಸಲಿಲ್ಲ, ಬಾ ಎನ್ನಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೊಂಟದ ಮೇಲೆ ಕೈಯಿಟ್ಟು ತಾನೂ ಗೋಡೆಯ ಕಡೆ ನೋಡಿದಳು.

"ಬೀಳಲ್ಲ ಕಣ್ರೀ ಅದು. ನಮ್ಮ ಮಾವನೋರು ಕಟ್ಸಿದ್ದು."

"ಬೀಳುತ್ತೆ," ಎಂದಳು ಸಿಂಧು.

ಮಾತು ಅವಳಂದುಕೊಂಡದ್ದಕ್ಕಿಂತ ಜೋರಾಗಿ, ಅವಸರವಾಗಿ ಬಂತು. ಅದರೊಳಗೆ ಎಚ್ಚರಿಕೆ ಇರಲಿಲ್ಲ; ಬರಿಯ ಆಸೆಯಿತ್ತು. ಬಾರದ ಬಸ್ಸಿಗೆ ಕಾದವಳಂತೆ ತಾನು ಆ ಗೋಡೆ ಬೀಳಲೆಂದು ಇಷ್ಟು ಭಾನುವಾರ ಬಂದು ನಿಂತಿದ್ದೇನೆ, ಇಲ್ಲೊಂದು ಹಾರೆಯಿದ್ದು ಸುತ್ತ ಯಾರೂ ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ ಎಂದು ಅರಿವಾಗಿ ಅವಳ ಮುಖ ಬಿಸಿಯಾಯಿತು. ಹೊಂಬಾಳಮ್ಮ ತಿರುಗಿ ಆ ಮುಖವನ್ನು ನೋಡಿದಳು. ನೋಡುತ್ತಾ ನೋಡುತ್ತಾ, ಇಷ್ಟು ತಿಂಗಳಲ್ಲಿ ಮೊದಲ ಸಲ, ನಕ್ಕುಬಿಟ್ಟಳು.

"ಗೊತ್ತಾಯ್ತು ಬುಡಿ ನಿಮ್ಗೂ, ನಾನು ಯಾಕೆ ಗಾಜು ಒಡ್ದೆ ಅಂತ," ಎಂದಳು.

ಸಿಂಧು ಅವಳ ಪಕ್ಕಕ್ಕೆ ಹೋದಳು. ಬಗ್ಗಿ ಒಡಕು ಕಾಯಿಗಳನ್ನು ಗುಡ್ಡೆಗೆ ಎತ್ತಿ ಹಾಕತೊಡಗಿದಳು.